ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ನೀವೇ ಬದಲಾಯಿಸಿ: ಮೊದಲು ಬೆರಳು, ಆಮೇಲೆ ಸ್ಪ್ಯಾನರ್

ಎರಡು ವರ್ಷದ ಹಿಂದೆ ಜುಲೈ ತಿಂಗಳಲ್ಲಿ ಮಂಗಳೂರಿನಿಂದ ವಾಪಸ್ ಬರುತ್ತಿದ್ದೆವು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಲು ಶುರು ಮಾಡಿದ್ದೇ ತಡ, ಕಾರು ಜರ್ಕ್ ಹೊಡೆಯತೊಡಗಿತು. ಆಕ್ಸಿಲರೇಟರ್ ಒತ್ತಿದರೂ ಪಿಕಪ್ ಇಲ್ಲ. ಸ್ಟೀರಿಂಗ್ ಗಡಗಡ ನಡುಗುತ್ತಿದೆ, ಮೀಟರಿನಲ್ಲಿ ಹಳದಿ ಎಂಜಿನ್ ಲೈಟ್ ಹತ್ತಿ ಆರಿ, ಹತ್ತಿ ಆರಿ ಮಾಡುತ್ತಿದೆ. ಪಕ್ಕಕ್ಕೆ ನಿಲ್ಲಿಸಿ, ಮಳೆಯಲ್ಲಿ ಎರಡು ಗಂಟೆ ಕಾದು, ಟೋ ಮಾಡಿಸಿಕೊಂಡು ಸಕಲೇಶಪುರ ಸೇರಿದೆವು.

ಅಲ್ಲಿನ ಮೆಕ್ಯಾನಿಕ್ ಅಣ್ಣನಿಗೆ ನಾನೇ ಹೇಳಿದೆ, ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟು ಕೊಡುವ ನಾಲ್ಕೂ ಕಾಯಿಲ್ ಹೋಗಿರಬೇಕು ಅಂತ. ಅವರು ತಲೆ ಎತ್ತದೆ, "ನಾಲ್ಕೂ ಒಟ್ಟಿಗೆ ಕೆಡಲ್ಲ ಸರ್, ಒಂದೇ ಕೆಟ್ಟಿರೋದು. ಯಾವ್ದು ಅಂತ ನೋಡಣ ತಡೀರಿ" ಅಂದರು. ಸ್ಕ್ಯಾನರ್ ಹಾಕಿದರೆ ಮೂರನೇ ಸಿಲಿಂಡರ್ ತೋರಿಸಿತು. ಮೂರನೆಯ ಕಾಯಿಲ್ ತೆಗೆದು ಎರಡನೆಯ ಜಾಗಕ್ಕೆ ಹಾಕಿದರು, ಎರಡನೆಯದನ್ನು ಮೂರಕ್ಕೆ. ಸ್ಟಾರ್ಟ್ ಮಾಡಿದಾಗ ಈಗ ಎರಡನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಅಂದರೆ ಅದರಲ್ಲಿ ಇಂಧನ ಸರಿಯಾಗಿ ಹತ್ತುತ್ತಿಲ್ಲ ಅಂತ ಬಂತು. ಅಷ್ಟೇ, ಕಳ್ಳ ಸಿಕ್ಕ. ಆ ಕಾಯಿಲಿನ ಕೆಳಗಿನ ರಬ್ಬರನ್ನು ಬಗ್ಗಿಸಿ ತೋರಿಸಿದರು. ಕೂದಲಿನಷ್ಟು ಸಣ್ಣ ಬಿರುಕು, ಅದರ ಉದ್ದಕ್ಕೂ ಬೂದಿ ಬಣ್ಣದ ಗೆರೆ. ಕರೆಂಟು ಪ್ಲಗ್ಗಿಗೆ ಹೋಗದೆ ಆ ಬಿರುಕಿನಿಂದ ಹಾರಿ ಎಂಜಿನ್ ಹೆಡ್ಡಿಗೆ ಇಳಿಯುತ್ತಿತ್ತು. ಪ್ಲಗ್ ಕೂತಿರುವ ಬಾವಿಯಲ್ಲಿ ನೀರು ಬೇರೆ ನಿಂತಿತ್ತು. ಹೊರಡುವ ಮುಂಚೆ ಎಂಜಿನ್ನಿಗೂ ಪ್ರೆಷರಿನಲ್ಲಿ ನೀರು ಹೊಡೆಸಿ ತೊಳೆಸಿದ್ದೆ, ಅದರ ಫಲ ಅದು.

ಆ ದಿನದಿಂದ ಈ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ಮನೆ ಮುಂದೆ, ಭಾನುವಾರ ಬೆಳಿಗ್ಗೆ, ಒಂದೂವರೆ ಗಂಟೆ ಸಾಕು. ಕಷ್ಟದ ಕೆಲಸ ಅಲ್ಲ. ಆದರೆ ಅವಸರ ಮಾಡಿದರೆ ಪ್ಲಗ್ ಕೂರುವ ಸಿಲಿಂಡರ್ ಹೆಡ್ಡಿನ ಥ್ರೆಡ್ ಹಾಳಾಗಿ, ನೂರಿನ್ನೂರು ರೂಪಾಯಿಯ ಪ್ಲಗ್ ಹಾಕಲು ಹೋಗಿ ಸಾವಿರಾರು ರೂಪಾಯಿ ಕೈಬಿಡುತ್ತದೆ. ಹಾಗಾಗಿ ಎಲ್ಲಿ ನಿಧಾನ ಮಾಡಬೇಕು ಅನ್ನುವುದನ್ನೇ ಜಾಸ್ತಿ ಬರೆದಿದ್ದೇನೆ.

ನಿಮ್ಮ ಕಾರು ಯಾವ ಥರದ್ದು?

ಡೀಸೆಲ್ ಕಾರಾದರೆ ಇಲ್ಲಿಗೇ ನಿಲ್ಲಿಸಿ. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ, ಒತ್ತಡದ ಬಿಸಿಗೇ ಇಂಧನ ಹತ್ತಿಕೊಳ್ಳುತ್ತದೆ. ಅದರಲ್ಲಿರುವುದು ಗ್ಲೋ ಪ್ಲಗ್, ಅದು ಬೇರೆ ವಿಷಯ.

ಪೆಟ್ರೋಲ್, ಸಿಎನ್‌ಜಿ ಕಾರುಗಳಲ್ಲಿ ಈಗ ಹೆಚ್ಚಾಗಿ ಇರುವುದು ಪ್ರತಿ ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್ ಕೂರುವ ವ್ಯವಸ್ಥೆ. ಬಾನೆಟ್ ಎತ್ತಿ, ಎಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದರೆ ಸಾಲಾಗಿ ಮೂರೋ ನಾಲ್ಕೋ ಕಪ್ಪು ತಲೆಗಳು ಕಾಣುತ್ತವೆ. ಒಂದೊಂದಕ್ಕೂ ಒಂದು ಬೋಲ್ಟು, ಒಂದು ವೈರ್ ಕನೆಕ್ಟರ್. ಅವೇ ಕಾಯಿಲ್. ಬ್ಯಾಟರಿಯ 12 ವೋಲ್ಟನ್ನು 20 ಸಾವಿರ, 30 ಸಾವಿರ ವೋಲ್ಟಿಗೆ ಏರಿಸಿ ಕೆಳಗಿನ ಪ್ಲಗ್ಗಿಗೆ ಕೊಡುವುದು ಅದರ ಕೆಲಸ. ಎಂಜಿನ್ 3000 ಆರ್‌ಪಿಎಂನಲ್ಲಿ ಓಡುವಾಗ ಒಂದೊಂದು ಪ್ಲಗ್ ಸೆಕೆಂಡಿಗೆ 25 ಸಲ ಕಿಡಿ ಹಾರಿಸಬೇಕು. ಬಿಸಿ ಎಂಜಿನ್ ಮೇಲೆ ವರ್ಷಗಟ್ಟಲೆ ಕೂತು ಈ ಕೆಲಸ ಮಾಡುವ ರಬ್ಬರು ಒಂದು ದಿನ ಬಿರುಕು ಬಿಡುವುದು ಸಹಜ ಅಲ್ವಾ?

ಹಳೆಯ ಕಾರುಗಳಲ್ಲಿ ಒಂದೇ ಕಾಯಿಲಿನಿಂದ ದಪ್ಪ ವೈರುಗಳು ಪ್ಲಗ್ಗುಗಳಿಗೆ ಹೋಗುತ್ತವೆ. ಅಲ್ಲಿ ಕಾಯಿಲ್ ಬಿಚ್ಚುವ ಬದಲು ವೈರಿನ ತಲೆ ಹಿಡಿದು ಎಳೆಯಬೇಕು, ಉಳಿದ ಕೆಲಸ ಎಲ್ಲ ಹೀಗೇ. ಇನ್ನು ಹಳೆಯ ಹೋಂಡಾ ಸಿಟಿ ಐ-ಡಿಎಸ್‌ಐ ಇದ್ದವರು ಎಂಟು ಪ್ಲಗ್ ಕೊಳ್ಳಬೇಕು. ಅದರಲ್ಲಿ ಸಿಲಿಂಡರಿಗೆ ಎರಡೆರಡು. ಕೆಲವು ದೊಡ್ಡ ವಿ6 ಎಂಜಿನ್ನುಗಳಲ್ಲಿ ಹಿಂದಿನ ಸಾಲಿನ ಪ್ಲಗ್ ತಲುಪಲು ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡನ್ನೇ ಇಳಿಸಬೇಕು. ಮೊದಲ ಸಲ ಮಾಡುವವರು ಅದಕ್ಕೆ ಕೈಹಾಕದಿರುವುದೇ ಒಳ್ಳೆಯದು.

ದುಡ್ಡು ಕೊಡುವ ಮುಂಚೆ ಪತ್ತೆ ಹಚ್ಚಿ

ಮಿಸ್ ಹೊಡೆದ ತಕ್ಷಣ ನಾಲ್ಕು ಕಾಯಿಲ್, ನಾಲ್ಕು ಪ್ಲಗ್ ಎಲ್ಲ ತಂದು ಸುರಿಯಬೇಡಿ. ಕಾಯಿಲ್ ಒಂದೊಂದೂ ಸಾವಿರದ ಲೆಕ್ಕದಲ್ಲಿರುತ್ತದೆ. ಮೊದಲು ಕಾರಿನ ಕಂಪ್ಯೂಟರ್ ಬರೆದಿಟ್ಟಿರುವ ದೋಷದ ಕೋಡ್ ಓದಿ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಓಬಿಡಿ ಸಾಕೆಟ್ ಇರುತ್ತದೆ, ಅದಕ್ಕೆ ಸಿಕ್ಕಿಸುವ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಮೊಬೈಲಿನಲ್ಲೇ ನೋಡಬಹುದು. ಪಿ0301 ಅಂದರೆ ಒಂದನೇ ಸಿಲಿಂಡರ್ ಮಿಸ್, ಪಿ0302 ಅಂದರೆ ಎರಡನೆಯದು, ಹೀಗೇ ಮುಂದಕ್ಕೆ. ಪಿ0300 ಬಂದರೆ ಇಂಥದ್ದೇ ಸಿಲಿಂಡರ್ ಅಂತಿಲ್ಲ, ಅಲ್ಲಲ್ಲಿ ಮಿಸ್ ಆಗುತ್ತಿದೆ ಎಂದರ್ಥ. ಪಿ0351ರಿಂದ ಶುರುವಾಗುವ ಕೋಡುಗಳು ಕಾಯಿಲಿನ ಸರ್ಕ್ಯೂಟಿನವು, ಅವು ಬಂದರೆ ವೈರಿಂಗನ್ನೂ ನೋಡಬೇಕು. ನಮ್ಮ ಕಡೆ ಇಲಿ ಕಾಟ ಎಲ್ಲರಿಗೂ ಗೊತ್ತಿರುವುದೇ, ಕನೆಕ್ಟರಿನ ಹಿಂದೆ ವೈರ್ ಕಡಿದಿದ್ದರೆ ಹೊಸ ಕಾಯಿಲ್ ಹಾಕಿದರೂ ಪ್ರಯೋಜನ ಇಲ್ಲ.

ಒಂದನೇ ಸಿಲಿಂಡರ್ ಅಂದರೆ ಸಾಮಾನ್ಯವಾಗಿ ಬೆಲ್ಟು ಅಥವಾ ಟೈಮಿಂಗ್ ಚೈನ್ ಇರುವ ಕಡೆಯದು. ಗೇರ್‌ಬಾಕ್ಸ್ ಕಡೆಯದು ಕೊನೆಯದು.

ಇನ್ನು ಸಕಲೇಶಪುರದ ಅಣ್ಣ ಮಾಡಿದ ಅದಲು ಬದಲು. ಎಂಜಿನ್ ಆಫ್ ಮಾಡಿ, ಆರಲು ಬಿಟ್ಟು, ಅನುಮಾನ ಇರುವ ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಹಾಕಿ, ಪಕ್ಕದ್ದನ್ನು ಇಲ್ಲಿಗೆ. ಕೋಡ್ ಅಳಿಸಿ, ಸ್ವಲ್ಪ ಹೊತ್ತು ಓಡಿಸಿ. ಮಿಸ್ ಕಾಯಿಲಿನ ಜೊತೆಗೇ ಹೋದರೆ ಕಾಯಿಲ್ ಕೆಟ್ಟಿದೆ. ಹಳೆಯ ಜಾಗದಲ್ಲೇ ಉಳಿದರೆ ಪ್ಲಗ್ ಅದಲು ಬದಲು ಮಾಡಿ ನೋಡಿ. ಆಗಲೂ ಅಲ್ಲೇ ಉಳಿದರೆ ಇಂಜೆಕ್ಟರ್, ವೈರಿಂಗ್ ಅಥವಾ ಕಂಪ್ರೆಷನ್ ಕಡೆ ನೋಡಬೇಕು, ಅದಕ್ಕೆ ಗ್ಯಾರೇಜೇ ಸರಿ.

ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಕಾಯಿಲ್ ಎಳೆದು ಶಬ್ದ ಬದಲಾಗುತ್ತದಾ ಅಂತ ನೋಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. 30 ಸಾವಿರ ವೋಲ್ಟು ಕೈಗೆ ಹೊಡೆಯುತ್ತದೆ. ಜೊತೆಗೆ ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತದೆ. ಎಂಜಿನ್ ಲೈಟ್ ಸುಮ್ನೆ ಉರಿಯುವುದಕ್ಕೂ ಮಿಣುಕುವುದಕ್ಕೂ ಇರುವ ವ್ಯತ್ಯಾಸ ಇದೇ. ಮಿಣುಕುತ್ತಿದ್ದರೆ ಕನ್ವರ್ಟರ್ ಸುಟ್ಟುಹೋಗುವ ಮಟ್ಟಕ್ಕೆ ಮಿಸ್ ಆಗುತ್ತಿದೆ ಎಂದರ್ಥ, ಹಾಗೇ ಮನೆವರೆಗೆ ಓಡಿಸೋಣ ಅನ್ನಬೇಡಿ. ಕನ್ವರ್ಟರಿನ ಬೆಲೆ ಮುಂದೆ ನಾಲ್ಕು ಕಾಯಿಲಿನ ಬೆಲೆ ಏನೂ ಅಲ್ಲ.

ಪ್ಲಗ್ ಮಾತ್ರ ಒಂದನ್ನು ಬದಲಾಯಿಸುವ ವಸ್ತುವಲ್ಲ. ಎಲ್ಲವೂ ಒಟ್ಟಿಗೇ ಸವೆದಿರುತ್ತವೆ, ಹಾಗಾಗಿ ಸೆಟ್ಟನ್ನೇ ಹಾಕಿ. ಸಾಮಾನ್ಯ ನಿಕಲ್ ಪ್ಲಗ್ 30ರಿಂದ 40 ಸಾವಿರ ಕಿಲೋಮೀಟರ್, ಇರಿಡಿಯಂ ಆದರೆ ಒಂದು ಲಕ್ಷದವರೆಗೂ ಬರುತ್ತದೆ. ನಿಮ್ಮ ಕಾರಿನ ಮ್ಯಾನುಯಲ್ ಏನು ಹೇಳುತ್ತದೋ ಅದೇ ಕೊನೆಯ ಮಾತು. ಸಿಎನ್‌ಜಿಯಲ್ಲಿ ಕಿಡಿ ಹಾರಿಸಲು ಜಾಸ್ತಿ ವೋಲ್ಟೇಜ್ ಬೇಕು. ಅದಕ್ಕೇ ಸವೆದ ಪ್ಲಗ್ ಪೆಟ್ರೋಲಿನಲ್ಲಿ ಸರಿಯಾಗಿ ಓಡಿ, ಗ್ಯಾಸಿಗೆ ಹಾಕಿದ ಕೂಡಲೇ ಮಿಸ್ ಹೊಡೆಯುವುದು ಉಂಟು.

ಕೊಳ್ಳುವಾಗ

ಬೆಂಗಳೂರಿನವರಾದರೆ ಜೆ.ಸಿ. ರೋಡಿದೆ, ಬೇರೆ ಊರುಗಳಲ್ಲಿ ಕಂಪನಿಯ ಬಿಡಿಭಾಗದ ಅಂಗಡಿ. ಎಲ್ಲೇ ಹೋದರೂ ಪಾರ್ಟ್ ನಂಬರ್ ಬರೆದುಕೊಂಡು ಹೋಗಿ, "ಇದಕ್ಕೂ ಅದೇ ಕೂರುತ್ತೆ" ಅನ್ನುವ ಮಾತಿಗೆ ಒಪ್ಪಬೇಡಿ. ಥ್ರೆಡ್ ಕೂತರೂ ಒಳಗೆ ಅಳತೆ ಬೇರೆ ಇರಬಹುದು. ಪ್ಲಗ್ಗಿನ ಮೇಲಿನ ಬರಹ ಸುಮ್ನೆ ಹಾಕಿದ್ದಲ್ಲ. ಉದಾಹರಣೆಗೆ ಎನ್‌ಜಿಕೆಯ ಬಿಕೆಆರ್6ಇ-11 ತೆಗೆದುಕೊಳ್ಳಿ. ಬಿಕೆ ಅಂದರೆ 14 ಮಿಲಿಮೀಟರ್ ಥ್ರೆಡ್ಡು, 16ರ ಸಾಕೆಟ್. ಆರ್ ಅಂದರೆ ಒಳಗೆ ರೆಸಿಸ್ಟರ್ ಇದೆ. 6 ಅನ್ನುವುದು ಹೀಟ್ ರೇಂಜ್, ಅಂದರೆ ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಅನ್ನುವ ಅಳತೆ. ಇ ಅಂದರೆ ಥ್ರೆಡ್ ಉದ್ದ 19 ಮಿಲಿಮೀಟರ್. 11 ಅಂದರೆ ಗ್ಯಾಪ್, ಕಿಡಿ ಹಾರುವ ಸಂದು, 1.1 ಮಿಲಿಮೀಟರ್. ಥ್ರೆಡ್ಡಿನ ಉದ್ದ ಜಾಸ್ತಿಯಾದರೆ ಪಿಸ್ಟನ್ನಿಗೆ ತಾಗುವ ಅಪಾಯ ಇದೆ. ಹೀಟ್ ರೇಂಜಿನಲ್ಲಂತೂ ಕಂಪನಿಯಿಂದ ಕಂಪನಿಗೆ ಲೆಕ್ಕವೇ ಉಲ್ಟಾ. ಎನ್‌ಜಿಕೆಯಲ್ಲಿ ನಂಬರ್ ಜಾಸ್ತಿಯಾದಷ್ಟೂ ಪ್ಲಗ್ ತಂಪು, ಬಾಷ್‌ನಲ್ಲಿ ನಂಬರ್ ಜಾಸ್ತಿಯಾದಷ್ಟೂ ಬಿಸಿ. ಒಂದರ ನಂಬರ್ ನೋಡಿ ಇನ್ನೊಂದು ಕೊಳ್ಳುವ ಹಾಗಿಲ್ಲ.

ಡೂಪ್ಲಿಕೇಟ್ ಪ್ಲಗ್ಗುಗಳು ಓಡಾಡುತ್ತವೆ. ಬೆಲೆ ತೀರಾ ಕಡಿಮೆ, ಅಚ್ಚು ಮಸುಕು, ನಡುವಿನ ಎಲೆಕ್ಟ್ರೋಡ್ (ಕಿಡಿ ಹಾರುವ ಲೋಹದ ತುದಿ) ಒಂದು ಕಡೆ ವಾಲಿದೆ ಅಂದರೆ ವಾಪಸ್ ಕೊಡಿ. ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ.

ಸಾಮಾನು: ರ್‍ಯಾಚೆಟ್, ಉದ್ದದ ಎಕ್ಸ್‌ಟೆನ್ಷನ್ ರಾಡ್, 10ರ ಸಾಕೆಟ್, ಪ್ಲಗ್ ಸಾಕೆಟ್. ಈ ಕೊನೆಯದು ಕಾರಿನಿಂದ ಕಾರಿಗೆ ಬೇರೆ, ಹೆಚ್ಚಿನವಕ್ಕೆ 16, ಕೆಲವಕ್ಕೆ 14, ಹಳೆಯವಕ್ಕೆ 21. ಒಳಗೆ ರಬ್ಬರು ಅಥವಾ ಮ್ಯಾಗ್ನೆಟ್ ಇರುವ ಪ್ಲಗ್ ಸಾಕೆಟ್ಟನ್ನೇ ಕೊಳ್ಳಿ, ಪ್ಲಗ್ಗನ್ನು ಅದೇ ಹಿಡಿದು ಮೇಲೆ ತರುತ್ತದೆ. ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಟಾರ್ಕ್ ರೆಂಚ್ ಇದ್ದರೆ ಬಹಳ ಒಳ್ಳೆಯದು. ಗ್ಯಾಪ್ ಅಳೆಯುವ ಫೀಲರ್ ಗೇಜ್, ಟಾರ್ಚು, ಕರೆಂಟು ಹರಿಯದ ಡೈಎಲೆಕ್ಟ್ರಿಕ್ ಗ್ರೀಸಿನ ಸಣ್ಣ ಟ್ಯೂಬು, ಒಂದು ಗೇಣುದ್ದದ ರಬ್ಬರ್ ಪೈಪು. ಆ ಪೈಪು ಯಾಕೆ ಅಂತ ಮುಂದೆ ಹೇಳುತ್ತೇನೆ, ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟದ ಸಾಮಾನು ಅದೇ.

ಬಿಚ್ಚುವುದು

ಎಂಜಿನ್ ಪೂರ್ತಿ ಆರಿರಬೇಕು. ರಾತ್ರಿ ನಿಲ್ಲಿಸಿದ ಕಾರಿಗೆ ಬೆಳಿಗ್ಗೆ ಕೈಹಾಕುವುದು ಸರಿಯಾದ ಕ್ರಮ. ಹೆಡ್ ಅಲ್ಯೂಮಿನಿಯಂ, ಮೆತ್ತಗಿನ ಲೋಹ. ಬಿಸಿಯಲ್ಲಿ ಪ್ಲಗ್ ತಿರುಗಿಸಿದರೆ ಥ್ರೆಡ್ಡನ್ನೂ ಕಿತ್ತುಕೊಂಡು ಬರಬಹುದು. ಕೀ ಹೊರಗೆ ತೆಗೆದು, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ ಪಕ್ಕಕ್ಕಿಡಿ. ಗಡಿಯಾರ, ರೇಡಿಯೋ ಮತ್ತೆ ಸೆಟ್ ಮಾಡಬೇಕಾಗಬಹುದು, ಅಷ್ಟೇ.

ಮೇಲಿನ ಪ್ಲಾಸ್ಟಿಕ್ ಕವರ್ ತೆಗೆಯಿರಿ. ಈಗ ಮೊದಲ ನಿಧಾನದ ಜಾಗ, ಕನೆಕ್ಟರ್. ವರ್ಷಗಟ್ಟಲೆ ಬಿಸಿ ತಿಂದ ಪ್ಲಾಸ್ಟಿಕ್ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಎಳೆಯುವ ಮುಂಚೆ ಕನೆಕ್ಟರನ್ನು ಒಂದು ಚೂರು ಒಳಕ್ಕೇ ಒತ್ತಿ, ಆಗ ಲಾಕಿನ ಮೇಲಿನ ಭಾರ ಹೋಗುತ್ತದೆ, ಆಮೇಲೆ ಲಾಕ್ ಅದುಮಿ ಹೊರಕ್ಕೆ ತನ್ನಿ. ಕೆಲವಕ್ಕೆ ಕೆಂಪೋ ಬೂದಿಯೋ ಬಣ್ಣದ ಇನ್ನೊಂದು ಜಾರು ಲಾಕ್ ಇರುತ್ತದೆ, ಅದನ್ನು ಮೊದಲು ಹಿಂದಕ್ಕೆ ಸರಿಸಬೇಕು. ವೈರ್ ಹಿಡಿದು ಮಾತ್ರ ಎಳೆಯಬೇಡಿ.

ಬೋಲ್ಟ್ ಬಿಚ್ಚಿ. ಕಾಯಿಲ್ ತಲೆಯನ್ನು ಹಿಡಿದು ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸಿ. ಒಳಗೆ ರಬ್ಬರು ಪ್ಲಗ್ಗಿಗೆ ಅಂಟಿಕೊಂಡಿರುತ್ತದೆ, ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಆಮೇಲೆ ನೇರ ಮೇಲಕ್ಕೆ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ.

ಹೊರಗೆ ಬಂದ ಕಾಯಿಲನ್ನು ಬೆಳಕಿಗೆ ಹಿಡಿದು ನೋಡಿ. ರಬ್ಬರು ಬಗ್ಗಿಸಿ ಬಿರುಕು ಹುಡುಕಿ. ಎಣ್ಣೆ ಮೆತ್ತಿಕೊಂಡು ರಬ್ಬರು ಉಬ್ಬಿದ್ದರೆ ವಾಲ್ವ್ ಕವರಿನ ಗ್ಯಾಸ್ಕೆಟ್ ಸೋರುತ್ತಿದೆ. ಅದನ್ನು ಸರಿಮಾಡದೆ ಹೊಸ ಕಾಯಿಲ್ ಹಾಕಿದರೆ ಅದೂ ಬೇಗ ಹೋಗುತ್ತದೆ. ಎಷ್ಟೋ ಕಾರುಗಳಿಗೆ ಈ ರಬ್ಬರ್ ಬೂಟು ಮಾತ್ರ ಪ್ರತ್ಯೇಕವಾಗಿ ಸಿಗುತ್ತದೆ. ಕಾಯಿಲ್ ಚೆನ್ನಾಗಿದ್ದು ಬೂಟು ಮಾತ್ರ ಸೀಳಿದ್ದರೆ ಕಡಿಮೆ ಖರ್ಚಿನಲ್ಲೇ ಮುಗಿಯುತ್ತದೆ, ಅಂಗಡಿಯಲ್ಲಿ ಕೇಳಿ ನೋಡಿ.

ಪ್ಲಗ್ ಬಿಚ್ಚುವ ಮೊದಲು ಬಾವಿ ಸ್ವಚ್ಛ ಮಾಡಿ. ಇದನ್ನು ಬಿಟ್ಟವರೇ ಜಾಸ್ತಿ. ಒಳಗೆ ಮಣ್ಣು, ಮರಳು, ಒಣ ಎಲೆ ಚೂರು ಇರುತ್ತವೆ. ಪ್ಲಗ್ ಹೊರಬಂದ ಕ್ಷಣ ಅವೆಲ್ಲ ನೇರ ಸಿಲಿಂಡರಿಗೆ ಬೀಳುತ್ತವೆ. ಕಂಪ್ರೆಸರ್ ಇಲ್ಲದಿದ್ದರೆ ಸೈಕಲ್ ಪಂಪಿಗೆ ಸಣ್ಣ ಪೈಪು ಸಿಕ್ಕಿಸಿ ಗಾಳಿ ಹೊಡೆಯಿರಿ. ಕಣ್ಣಿಗೆ ಕನ್ನಡಕ ಇರಲಿ, ಧೂಳು ಮುಖಕ್ಕೇ ಹಾರುತ್ತದೆ. ನೀರೋ ಎಣ್ಣೆಯೋ ಇದ್ದರೆ ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿ ತೆಗೆಯಿರಿ.

ಸಾಕೆಟ್ ಪೂರ್ತಿ ಕೂರಿಸಿ, ರ್‍ಯಾಚೆಟ್ ಅಪ್ರದಕ್ಷಿಣವಾಗಿ. ಮೊದಲು ಒಂದು ಸಣ್ಣ ಕಟಕ್ ಅಂತ ಬಿಡುತ್ತದೆ, ಆಮೇಲೆ ಹಗುರ. ಕಾಲು ಸುತ್ತು ಬಂದು ಮತ್ತೆ ಗಟ್ಟಿಯಾದರೆ ಬಲ ಹಾಕಬೇಡಿ. ಪೆನೆಟ್ರೇಟಿಂಗ್ ಆಯಿಲ್ ಎರಡು ಹನಿ ಬಿಟ್ಟು, ಅರ್ಧ ಗಂಟೆ ಕಾದು, ಸ್ವಲ್ಪ ಒಳಕ್ಕೆ, ಸ್ವಲ್ಪ ಹೊರಕ್ಕೆ ಮಾಡುತ್ತಾ ತೆಗೆಯಿರಿ. ತೀರಾ ಜಾಮ್ ಆಗಿದ್ದರೆ ನಿಲ್ಲಿಸಿ ಗ್ಯಾರೇಜಿಗೆ ಹೋಗುವುದರಲ್ಲಿ ಅವಮಾನ ಇಲ್ಲ.

ಹಳೆಯ ಪ್ಲಗ್ ಓದುವುದು

ನ್ಯೂಸ್‌ಪೇಪರ್ ಹಾಸಿ, 1, 2, 3, 4 ಅಂತ ಬರೆದು ಅದೇ ಸಾಲಿನಲ್ಲಿ ಇಡಿ. ಪ್ಲಗ್ಗಿನ ಮೂತಿ ಆ ಸಿಲಿಂಡರಿನೊಳಗೆ ಏನು ನಡೆಯುತ್ತಿದೆ ಅಂತ ಹೇಳುತ್ತದೆ. ತೆಳು ಕಂದು ಅಥವಾ ಬೂದಿ ಬಣ್ಣ ಇದ್ದರೆ ಎಲ್ಲ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಏರ್ ಫಿಲ್ಟರ್ ಮೊದಲು ನೋಡಿ. ಜಿಡ್ಡು ಜಿಡ್ಡಾದ ಕಪ್ಪು ಇದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ. ಸುಣ್ಣದ ಹಾಗೆ ಬಿಳಿಯಾಗಿ ಗುಳ್ಳೆ ಎದ್ದಿದ್ದರೆ ಸಿಲಿಂಡರ್ ಅತಿಯಾಗಿ ಬಿಸಿಯಾಗುತ್ತಿದೆ, ಅದನ್ನು ಕಡೆಗಣಿಸಬೇಡಿ. ಪೆಟ್ರೋಲ್ ವಾಸನೆ ಬರುತ್ತಾ ಒದ್ದೆಯಾಗಿದ್ದರೆ ಅಲ್ಲಿ ಕಿಡಿಯೇ ಹಾರುತ್ತಿಲ್ಲ. ನಾಲ್ಕರಲ್ಲಿ ಮೂರು ಒಂದೇ ಥರ, ಒಂದು ಮಾತ್ರ ಬೇರೆ ಇದ್ದರೆ ಆ ಸಿಲಿಂಡರನ್ನು ನೆನಪಿಟ್ಟುಕೊಳ್ಳಿ.

ಬಿಳಿ ಪಿಂಗಾಣಿಯ ಹೊರಗೆ, ಲೋಹ ಶುರುವಾಗುವ ಕಡೆ, ತುಕ್ಕಿನ ಬಣ್ಣದ ಉಂಗುರ ಕಂಡರೆ ಗಾಬರಿ ಬೇಡ. ಗ್ಯಾಸ್ ಲೀಕ್ ಆಗುತ್ತಿದೆ ಅಂತ ಹೆದರಿಸುವವರಿದ್ದಾರೆ. ಅದು ಹೆಚ್ಚಿನ ವೋಲ್ಟೇಜಿಗೆ ಗಾಳಿಯಲ್ಲಿನ ಎಣ್ಣೆಯ ಕಣಗಳು ಅಂಟಿ ಬರುವ ಕಲೆ, ಮಾಮೂಲಿ. ಆದರೆ ಪಿಂಗಾಣಿಯ ಮೇಲೆ ಉದ್ದಕ್ಕೆ ಪೆನ್ಸಿಲಿನಲ್ಲಿ ಎಳೆದಂಥ ಕಪ್ಪು ಗೆರೆ ಇದ್ದರೆ ಕಿಡಿ ಹೊರಗಿನಿಂದ ಹಾರಿದೆ ಎಂದರ್ಥ. ಆಗ ಪ್ಲಗ್ ಜೊತೆ ಬೂಟನ್ನೂ ಬದಲಾಯಿಸಬೇಕು, ಇಲ್ಲದಿದ್ದರೆ ಹೊಸ ಪ್ಲಗ್ಗಿನ ಮೇಲೂ ಅದೇ ಗೆರೆ ಬೀಳುತ್ತದೆ.

ಹಾಕುವುದು

ಹೊಸ ಪ್ಲಗ್ಗಿನ ಗ್ಯಾಪನ್ನು ಫೀಲರ್ ಗೇಜಿನಲ್ಲಿ ನೋಡಿ, ಮ್ಯಾನುಯಲ್ಲಿನ ಅಳತೆಗೆ ಹೋಲಿಸಿ. ನಿಕಲ್ ಪ್ಲಗ್ ಆದರೆ ಬಾಗಿದ ಎಲೆಕ್ಟ್ರೋಡನ್ನು ಮಾತ್ರ ಮೆಲ್ಲಗೆ ಸರಿಮಾಡಬಹುದು. ಇರಿಡಿಯಂ ಪ್ಲಗ್ಗಿನ ನಡುವಿನ ತುದಿ ಸೂಜಿಯಷ್ಟು ತೆಳು, ಅದಕ್ಕೆ ಏನೂ ತಾಗಿಸಬೇಡಿ. ನೆಲಕ್ಕೆ ಬಿದ್ದ ಪ್ಲಗ್ ಹಾಕಲೇಬೇಡಿ, ಒಳಗಿನ ಪಿಂಗಾಣಿ ಸೀಳಿದ್ದರೆ ಹೊರಗೆ ಕಾಣುವುದಿಲ್ಲ.

ಈಗ ರಬ್ಬರ್ ಪೈಪು. ಪ್ಲಗ್ಗಿನ ಮೇಲ್ತುದಿಯನ್ನು ಪೈಪಿನ ಬಾಯಿಗೆ ಸಿಕ್ಕಿಸಿ, ಬಾವಿಯೊಳಗೆ ಇಳಿಸಿ. ಮೊದಲು ಅಪ್ರದಕ್ಷಿಣವಾಗಿ ನಿಧಾನ ತಿರುಗಿಸಿ. ಒಂದು ಕಡೆ ಪ್ಲಗ್ ಚೂರೇ ಚೂರು ಟಕ್ ಅಂತ ಕೆಳಗಿಳಿದ ಅನುಭವ ಬೆರಳಿಗೆ ಬರುತ್ತದೆ. ಥ್ರೆಡ್ಡಿನ ಬಾಯಿ ಸಿಕ್ಕಿದ್ದು ಅಲ್ಲಿ. ಅಲ್ಲಿಂದ ಪ್ರದಕ್ಷಿಣವಾಗಿ ತಿರುಗಿಸುತ್ತಾ ಹೋಗಿ. ಸರಿಯಾಗಿ ಹಿಡಿದಿದ್ದರೆ ಕೊನೆವರೆಗೂ ಬೆರಳಿನಲ್ಲೇ ಹೋಗುತ್ತದೆ. ಓರೆಯಾಗಿದ್ದರೆ ಪ್ಲಗ್ ತಿರುಗುವುದಿಲ್ಲ, ಪೈಪು ಜಾರುತ್ತದೆ. ರ್‍ಯಾಚೆಟ್‌ಗೆ ಈ ಬುದ್ಧಿ ಇಲ್ಲ, ಅದು ಓರೆ ಥ್ರೆಡ್ಡನ್ನೂ ಕೊಯ್ದುಕೊಂಡು ಹೋಗುತ್ತದೆ. ಪೈಪು ಜಾರಿತು ಅಂದರೆ ಹೊರಗೆ ತೆಗೆದು ಮೊದಲಿನಿಂದ ಶುರು ಮಾಡಿ. ನಾಲ್ಕು ಸಲ ಆದರೂ ಸರಿ, ಬೇಸರ ಬೇಡ.

ಥ್ರೆಡ್ಡಿಗೆ ಗ್ರೀಸ್, ಆಂಟಿ ಸೀಜ್ (ಥ್ರೆಡ್ ಜಾಮ್ ಆಗದಿರಲು ಹಚ್ಚುವ ಲೇಪ) ಏನೂ ಹಚ್ಚಬೇಡಿ. ಪ್ಲಗ್ ತಯಾರಿಸುವವರೇ ಬೇಡ ಅನ್ನುತ್ತಾರೆ, ಈಗಿನ ಪ್ಲಗ್ಗುಗಳ ಮೇಲೆ ಲೇಪನ ಇರುತ್ತದೆ. ಜಿಡ್ಡಿದ್ದರೆ ಅದೇ ಟಾರ್ಕಿಗೆ ಥ್ರೆಡ್ ಜಾಸ್ತಿ ಎಳೆಯಲ್ಪಡುತ್ತದೆ.

ಬೆರಳಿನಲ್ಲಿ ಪೂರ್ತಿ ಕೂತ ಮೇಲಷ್ಟೇ ಟಾರ್ಕ್ ರೆಂಚ್. ಅಲ್ಯೂಮಿನಿಯಂ ಹೆಡ್ಡಿನಲ್ಲಿ 14 ಮಿಲಿಮೀಟರ್ ಥ್ರೆಡ್ಡಿಗೆ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್, 12ಕ್ಕೆ 15ರಿಂದ 20, 10ಕ್ಕೆ 10ರಿಂದ 12. ಮ್ಯಾನುಯಲ್ಲಿನಲ್ಲಿ ಬೇರೆ ಇದ್ದರೆ ಅದನ್ನೇ ನಂಬಿ. ರೆಂಚ್ ಇಲ್ಲವಾ? ವಾಷರ್ ಇರುವ 14ರ ಹೊಸ ಪ್ಲಗ್ ಆದರೆ ಬೆರಳಿನ ಬಿಗಿ ಆದ ಮೇಲೆ ಅರ್ಧ ಸುತ್ತಿನಿಂದ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ. ವಾಷರ್ ಚಪ್ಪಟೆಯಾಗುವುದು ಕೈಗೆ ಗೊತ್ತಾಗುತ್ತದೆ. ಅದೇ ಹಳೆಯ ಪ್ಲಗ್ ವಾಪಸ್ ಹಾಕುತ್ತಿದ್ದರೆ ವಾಷರ್ ಆಗಲೇ ಚಪ್ಪಟೆಯಾಗಿರುವುದರಿಂದ ಗಡಿಯಾರದ ಗಂಟೆ ಮುಳ್ಳು ಒಂದು ಗಂಟೆಯಲ್ಲಿ ಸರಿಯುವಷ್ಟು, ಅಂದರೆ ಸುತ್ತಿನ ಹನ್ನೆರಡರಲ್ಲಿ ಒಂದು ಭಾಗ ಸಾಕು. ಸಡಿಲ ಬಿಟ್ಟರೂ ತಪ್ಪು. ಪ್ಲಗ್ಗಿನ ಬಿಸಿ ಹೆಡ್ಡಿಗೆ ಇಳಿಯುವುದೇ ಆ ಬಿಗಿಯಿಂದ.

ಕಾಯಿಲಿನ ಬೂಟಿನ ಒಳಅಂಚಿಗೆ ಡೈಎಲೆಕ್ಟ್ರಿಕ್ ಗ್ರೀಸನ್ನು ಬೆರಳ ತುದಿಯಲ್ಲಿ ತೆಳ್ಳಗೆ ಸವರಿ. ಮುಂದಿನ ಸಲ ಸುಲಭವಾಗಿ ಬಿಡುತ್ತದೆ, ನೀರೂ ಒಳಗೆ ಹೋಗುವುದಿಲ್ಲ. ಒಳಗಿನ ಸ್ಪ್ರಿಂಗಿಗೆ ಮೆತ್ತಬೇಡಿ. ನೇರ ಒತ್ತಿ ಕೂರಿಸಿ, ಬೋಲ್ಟಿನ ತೂತು ಸರಿಯಾಗಿ ಎದುರಾಗಬೇಕು. ಬೋಲ್ಟು ಸಣ್ಣದು, ಕೈ ಹಗುರ ಇರಲಿ. ಕನೆಕ್ಟರ್ ಟಕ್ ಅನ್ನುವವರೆಗೆ ಒತ್ತಿ, ಒಮ್ಮೆ ಮೆಲ್ಲಗೆ ಎಳೆದು ನೋಡಿ. ಮೊದಲ ಸಲ ಮಾಡುವವರು ಒಂದು ಸಿಲಿಂಡರ್ ಬಿಚ್ಚಿ, ಹಾಕಿ, ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗಿ. ವೈರ್ ಅದಲು ಬದಲಾಗುವ ಭಯ ಇರುವುದಿಲ್ಲ.

ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿ. ಬ್ಯಾಟರಿ ತೆಗೆದಿದ್ದರಿಂದ ಮೊದಲ ಕೆಲವು ನಿಮಿಷ ಐಡ್ಲಿಂಗ್ ಏರುಪೇರಾಗಬಹುದು, ಹಾಗೇ ಬಿಡಿ, ಸರಿಹೋಗುತ್ತದೆ. ಜೋರಾಗಿ ನಡುಗುತ್ತಿದ್ದರೆ ತಕ್ಷಣ ಆಫ್ ಮಾಡಿ ಕನೆಕ್ಟರುಗಳನ್ನು ನೋಡಿ, ಒಂದು ಪೂರ್ತಿ ಕೂತಿರುವುದಿಲ್ಲ. ಕೋಡ್ ಅಳಿಸಿ, ಒಂದು ಏರು ಇರುವ ರಸ್ತೆಯಲ್ಲಿ ಓಡಿಸಿ ನೋಡಿ. ಸಮತಟ್ಟಿನಲ್ಲಿ ಅಡಗುವ ಮಿಸ್ ಏರಿನಲ್ಲಿ ಹೊರಬರುತ್ತದೆ.

ಸಕಲೇಶಪುರದಲ್ಲಿ ಅವತ್ತು ಕಾಯಿಲ್ ಸಿಗಲಿಲ್ಲ. ಹಾಸನದ ಅಂಗಡಿಯಿಂದ ಬಸ್ಸಿನಲ್ಲಿ ಹಾಕಿಸಿ, ಅದು ಬಂದು ತಲುಪುವಾಗ ಸಂಜೆ ಐದಾಗಿತ್ತು. ಆಮೇಲೆ ನಾನು ಒಂದು ಕಾಯಿಲ್ ಜಾಸ್ತಿ ಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಇಟ್ಟಿದ್ದೇನೆ. ಜೊತೆಗೆ 10ರ ಸ್ಪ್ಯಾನರ್, ಪ್ಲಗ್ ಸಾಕೆಟ್, ಆ ರಬ್ಬರ್ ಪೈಪು. ಚೀಲದ ಮೇಲೆ ಪಾರ್ಟ್ ನಂಬರ್, ಪ್ಲಗ್ ಬದಲಾಯಿಸಿದಾಗ ಮೀಟರಿನಲ್ಲಿದ್ದ ಕಿಲೋಮೀಟರ್ ಬರೆದಿದ್ದೇನೆ.